ಸಹಿಯಿಲ್ಲದ ಶಿಫಾರಸು

ಲ್ಯಾಬಿನ ಕಿಟಕಿ ಪಕ್ಕದ ಮೇಜಿನಿಂದ,
ಮಾರ್ಚ್ ೩೧, ಮಧ್ಯಾಹ್ನ ಮೂರೂವರೆ

ಪ್ರೀತಿಯ ಅಪ್ಪಾ,

ಆಪರೇಷನ್ ಆದ ಕಣ್ಣು ಹೇಗಿದೆ? ಪಟ್ಟಿ ಬಿಚ್ಚಿದರೇ? ಉರಿಯುತ್ತದೆ ಎಂದು ಡ್ರಾಪ್ಸ್ ತಪ್ಪಿಸಬೇಡಿ. ಈ ಕಾಗದವನ್ನು ಅಕ್ಕ ಓದಿ ಹೇಳುತ್ತಿರುತ್ತಾಳೆ. ಅಕ್ಕಾ, ಇದ್ದದ್ದನ್ನು ಇದ್ದ ಹಾಗೇ ಓದು, ಅಪ್ಪನಿಗೆ ಬೇಜಾರಾಗುತ್ತದೆ ಎಂದು ಸಾಲು ಹಾರಿಸಬೇಡ. ಫೋನ್ ಮಾಡಿದರೆ ಅತ್ತುಬಿಡುತ್ತೇನೆ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಹೇಳಿದ್ದೆನಲ್ಲ, ಪೋಸ್ಟ್‌ಡಾಕ್, ಪಿಎಚ್‌ಡಿ ಆದಮೇಲಿನ ಸಂಶೋಧನೆಯ ಕೆಲಸ, ಅದಕ್ಕೆ ಅರ್ಜಿ ಹಾಕಲು ಇವತ್ತು ಸಂಜೆ ಐದು ಗಂಟೆಯೇ ಕೊನೆ. ಪಿಎಚ್‌ಡಿ ಮುಗಿಸಿ ಐದು ವರ್ಷ ದಾಟದವರಿಗೆ ಮಾತ್ರ. ನನಗೆ ಮುಂದಿನ ತಿಂಗಳು ಐದು ತುಂಬುತ್ತದೆ. ಇದು ತಪ್ಪಿದರೆ ಆರಾರು ತಿಂಗಳ ಗುತ್ತಿಗೆಯಲ್ಲಿ, ಹೊಸಬರಿಗೆ ಟೆಸ್ಟ್ ಟ್ಯೂಬ್ ತೊಳೆಯುವುದನ್ನು ಕಲಿಸುತ್ತಾ ಇಲ್ಲೇ ಕೂರಬೇಕು. ನನ್ನ ಮಣ್ಣಿನ ಬ್ಯಾಕ್ಟೀರಿಯಾಗಳ ಲೇಖನಗಳೂ ಸೇರಿ ಎಲ್ಲ ತಯಾರಿದೆ. ಬಾಕಿ ಇರುವುದು ಒಂದೇ, ನನ್ನ ಗೈಡ್ ಕೊಡಬೇಕಾದ ಶಿಫಾರಸು ಪತ್ರ.

ಪತ್ರವೇನೋ ಇದೆ, ಸಹಿ ಇಲ್ಲ. ಎರಡು ವಾರದ ಹಿಂದೆ ಕೇಳಿದಾಗ ಸರ್ ಎಲ್ಲರಿಗೂ ಹೇಳುವುದನ್ನೇ ನನಗೂ ಹೇಳಿದರು, "ನೀವೇ ಬರ್ಕೊಂಡ್ ಬನ್ನಮ್ಮಾ, ನಾನು ನೋಡಿ ಸೈನ್ ಹಾಕ್ತೀನಿ." ನನ್ನನ್ನು ನಾನೇ 'ಇವಳು' ಎಂದು ಕರೆದುಕೊಂಡು ಹೊಗಳಿಕೊಳ್ಳುವುದೆಂದರೆ! ಮೊದಲ ದಿನ ಎರಡೇ ಸಾಲು. ನಾಲ್ಕನೆಯ ದಿನಕ್ಕೆ ನಾಚಿಕೆ ಬಿಟ್ಟುಹೋಗಿ ಪುಟ ತುಂಬಿತು. "ಇಂಥ ತಾಳ್ಮೆಯವಳನ್ನು ನಾನು ಕಂಡಿಲ್ಲ" ಎಂದೂ ಬರೆದೆ. ಅಕ್ಕಾ, ನಗಬೇಡ. ಇವತ್ತು ನೋಡ್ತೀನಿ, ನಾಳೆ ನೋಡ್ತೀನಿ ಎನ್ನುತ್ತಲೇ ಸರ್ ಇವತ್ತು ಬೆಳಿಗ್ಗೆ ಯಾವುದೋ ಸಮ್ಮೇಳನಕ್ಕೆ ಹೊರಟುಹೋದರು. ಈಗ ವಿಮಾನದಲ್ಲಿದ್ದಾರೆ. ಇಳಿಯುವುದು ಏಳಕ್ಕೆ.

ಅವರ ಸಹಿಯ ಚಿತ್ರ ಈ ಕಂಪ್ಯೂಟರಿನಲ್ಲೇ ಇದೆ ಅಪ್ಪಾ. ಕೆಮಿಕಲ್ ತರಿಸುವ ಚೀಟಿಗಳಿಗೆಂದು ಅವರೇ ಕೊಟ್ಟದ್ದು, ವಾರಕ್ಕೆ ಹತ್ತು ಸಲ ಹಾಕುತ್ತೇನೆ. ಇನ್ನೊಂದು ಸಲ ಹಾಕಿದರೆ ಯಾರಿಗೂ ಗೊತ್ತಾಗುವುದಿಲ್ಲ. ಪಕ್ಕದ ಮೇಜಿನವಳು ಎರಡು ಸಲ ಬಂದು ಹೇಳಿದಳು, "ಹಾಕ್ಬಿಡೇ, ಎಲ್ರೂ ಮಾಡೋದೇ ಅದು." ನನಗೆ ಮಾತ್ರ ಏಳನೇ ಕ್ಲಾಸಿನ ಅಂಕಪಟ್ಟಿ ನೆನಪಾಗುತ್ತಿದೆ. ಗಣಿತದಲ್ಲಿ ಹದಿನೆಂಟು ಬಂದಿತ್ತು, ನಿಮ್ಮ ಸಹಿಯನ್ನು ನಾನೇ ಹಾಕಿದ್ದೆ. ನೀವು ಬೈಯಲಿಲ್ಲ. ಬೆಳಕಿಗೆ ಹಿಡಿದು ನೋಡಿ, "ಚೆನ್ನಾಗೇ ಹಾಕಿದೀಯ ಕಣಮ್ಮಾ, ಆದ್ರೆ ಇದು ನಾನಲ್ಲ" ಎಂದು ಊಟಕ್ಕೆ ಕರೆದಿರಿ. ಎರಡು ಏಟು ಕೊಟ್ಟಿದ್ದರೆ ಅವತ್ತೇ ಮರೆತುಬಿಡುತ್ತಿದ್ದೆ. ನಿಜ ಹೇಳುತ್ತೇನೆ, ಈಗ ನಿಮ್ಮ ಮೇಲೆ ಸಿಟ್ಟೇ ಬರುತ್ತಿದೆ.

ಗಂಟೆ ನಾಲ್ಕೂ ಇಪ್ಪತ್ತು. ಇನ್ನು ಕಂಪ್ಯೂಟರಿನ ಮುಂದೆ ಕೂರಬೇಕು. ಬಿಸಿಲಿಗೆ ಹೋಗಬೇಡಿ, ಕಣ್ಣು ಜೋಪಾನ. ಭಾವನವರಿಗೆ ನಮಸ್ಕಾರ, ಮಕ್ಕಳಿಗೆ ಮುದ್ದು.

ನಿಮ್ಮ
ಪುಟ್ಟಿ

ತಾ.ಕ.: ಐದಕ್ಕೆ ನಾಲ್ಕು ನಿಮಿಷವಿದ್ದಾಗ ಅರ್ಜಿ ಕಳಿಸಿದೆ. ಶಿಫಾರಸು ಪತ್ರದ ಕೆಳಗೆ ಸಹಿ ಇದೆ, ನನ್ನದೇ. 'ಇವಳು' ಇದ್ದಲ್ಲೆಲ್ಲ 'ನಾನು' ಎಂದು ತಿದ್ದಿದೆ, ತಾಳ್ಮೆಯ ಸಾಲು ಹೊಡೆದುಹಾಕಿದೆ. ಕೊನೆಗೆ, "ನನ್ನ ಗೈಡ್ 'ನೀವೇ ಬರೆದುಕೊಂಡು ಬನ್ನಿ' ಎಂದರು, ಬರೆದೆ. ಅವರಿನ್ನೂ ಓದಿಲ್ಲ" ಎಂದು ಸೇರಿಸಿದೆ. ಆ ಹುದ್ದೆ ಸಿಗುವುದು ಅನುಮಾನ. ಸರ್ ಇಳಿದ ಮೇಲೆ ಇಲ್ಲಿಯ ಕೆಲಸ ಉಳಿಯುವುದೂ ಅನುಮಾನ. ಅಕ್ಕಾ, ನಿನ್ನ ಮನೆಯಲ್ಲಿ ಇನ್ನೊಂದು ಹಾಸಿಗೆಗೆ ಜಾಗ ಮಾಡಿರು. ಅಪ್ಪಾ, ಪತ್ರದ ಒಂದು ಪ್ರತಿ ಇದರೊಳಗೆ ಇಟ್ಟಿದ್ದೇನೆ. ಅದನ್ನು ಅಕ್ಕನಿಂದ ಓದಿಸಬೇಡಿ. ಕಣ್ಣು ಸರಿಹೋದ ಮೇಲೆ ನೀವೇ ಬೆಳಕಿಗೆ ಹಿಡಿದು ನೋಡಿ.