ಕಿಟಕಿ ಪಕ್ಕದ ಕುರ್ಚಿ

ತಮ್ಮಾ,

ನಾನು ಆಸ್ಪತ್ರೆಯ ಡ್ಯೂಟಿಗೆ ಹೊರಟೆ. ಊಟ ಮುಚ್ಚಿಟ್ಟಿದ್ದೇನೆ, ಬಿಸಿ ಮಾಡಿಕೊಂಡು ತಿನ್ನು.

ಬಾಡಿಗೆಗಿಟ್ಟ ಮನೆ ನೋಡಲು ಬೆಳಿಗ್ಗೆ ಮೇಷ್ಟ್ರು, ಅವರ ಹೆಂಡತಿ ಬಂದಿದ್ದರು. ರಸ್ತೆಯಲ್ಲೇ ನಿಂತು, "ಕಿಟಕಿ ಹತ್ರ ಕೂತಿದಾರಲ್ಲ, ಆ ಅಜ್ಜಿ ಯಾವಾಗ ಖಾಲಿ ಮಾಡ್ತಾರೆ?" ಅಂದರು. ಹೋದ ವಾರ ದರ್ಜಿಯೂ ಇದನ್ನೇ ಕೇಳಿದ್ದ.

ಎಲ್ಲ ನಿನ್ನ ಬುದ್ಧಿವಂತಿಕೆ. ಖಾಲಿ ಮನೆ ಭಣಗುಟ್ಟುತ್ತದೆ, ಯಾರೂ ಬರುವುದಿಲ್ಲ ಅಂತ ತೀರಿಹೋದ ಅಮ್ಮನ ಕುರ್ಚಿ ಒಯ್ದು ಅಲ್ಲಿ ಹಾಕಿ, ಅದಕ್ಕೆ ಅವಳ ಶಾಲು ಬೇರೆ ಹೊದಿಸಿದೆ. ಮನೆ ಬಾಡಿಗೆಗೆ ಕೊಡುವುದು ನಮಗಿದೇ ಮೊದಲು, ತಿಳಿದವರನ್ನು ಒಂದು ಮಾತು ಕೇಳಬಾರದಿತ್ತಾ? ದೂರದಿಂದ ನೋಡಿದರೆ ಯಾರೋ ಕೂತ ಹಾಗೇ ಕಾಣುತ್ತದೆ.

ಸಂಜೆ ಕುರ್ಚಿ ವಾಪಸ್ ತಾ. ನಾನೇ ತರೋಣ ಅಂತ ಮಧ್ಯಾಹ್ನ ಹೋಗಿದ್ದೆ. ಶಾಲು ಮಡಚಿ ಕುರ್ಚಿ ಮೇಲಿಟ್ಟಿತ್ತು, ಅಂಚು ಒಳಗೆ ಸೇರಿಸಿ, ಅಮ್ಮ ಮಡಚುತ್ತಿದ್ದ ಹಾಗೇ. ಮುಟ್ಟಲು ಕೈ ಬರಲಿಲ್ಲ, ಬೀಗ ಹಾಕಿಕೊಂಡು ಬಂದೆ.

ಬೀಗದ ಕೈ ಇರುವುದು ನಮ್ಮಿಬ್ಬರ ಹತ್ತಿರ ಮಾತ್ರ. ನೀನೇ ಮಡಚಿದ್ದು ತಾನೆ? ನಿನ್ನ ಶರಟನ್ನೇ ನೀನು ಮಡಚುವವನಲ್ಲ, ಗೊತ್ತು. ಆದರೂ ಈ ಚೀಟಿಯ ಕೆಳಗೆ ಹೌದು ಅಂತ ಬರೆದಿಡು.

ಅಕ್ಕ