ಶೆಡ್ಡಿನ ಎಡ ಅರ್ಧ

ಶೆಡ್ಡಿನ ಮೇಜಿನಿಂದ,
ಹದಿನಾಲ್ಕನೇ ತಾರೀಕು, ಶನಿವಾರ, ಊಟವಾದ ಮೇಲೆ

ಪ್ರೀತಿಯ ಹತ್ತನೇ ನಂಬರಿಗೆ,

ಹೇಗಿದ್ದೀಯ ಮಗಳೇ? ಹೋದ ಕಾಗದದಲ್ಲಿ ಬರೆದಿದ್ದ ಆ ಕೆಮ್ಮು ಬಿಟ್ಟುಹೋಯಿತೋ, ಇನ್ನೂ ಹಡಗಿನಲ್ಲೇ ನಿನ್ನ ಜೊತೆ ಪ್ರಯಾಣ ಮಾಡುತ್ತಿದೆಯೋ? ಎಂಜಿನ್ ಕೋಣೆಯ ಸೆಕೆಯಿಂದ ಬೆವರಿಕೊಂಡು ಮೇಲೆ ಬಂದವಳೇ ಗಾಳಿಗೆ ನಿಲ್ಲಬೇಡ, ಮೊದಲು ಮುಖ ಕತ್ತು ಒರೆಸಿಕೋ. ಇದು ನಿನ್ನ ಅಮ್ಮ ಬರೆಸಿದ್ದು. ನಾನು ಹೇಳುವುದೂ ಅದನ್ನೇ, ಆದರೆ ಹಡಗಿನ ಕರೆಂಟನ್ನೆಲ್ಲ ನೋಡಿಕೊಳ್ಳುವ ಎಲೆಕ್ಟ್ರಿಷಿಯನ್ನಿಗೆ ಇಂಥದ್ದನ್ನು ಹೇಳಲು ನನಗೆ ನಾಚಿಕೆ. ನಾವಿಬ್ಬರೂ ಚೆನ್ನಾಗಿದ್ದೇವೆ. ನನ್ನ ಮಂಡಿ ಗಾಡಿಯ ಕೆಳಗೆ ನುಸುಳುವಾಗ ಸುಮ್ಮನಿರುತ್ತದೆ, ಹೊರಗೆ ಬರುವಾಗ ಮಾತ್ರ ತಕರಾರು ತೆಗೆಯುತ್ತದೆ. ಅಮ್ಮನಿಗೆ ಆಸ್ಪತ್ರೆಯ ಪರದೆಗಳನ್ನು ಹೊಲಿಯುವ ಕೆಲಸ ಸಿಕ್ಕಿದೆ. ಮನೆಯಲ್ಲಿ ಎಲ್ಲಿ ನೋಡಿದರೂ ಹಸಿರು ಬಟ್ಟೆ. ಮೊನ್ನೆ ಕುರ್ಚಿ ಎಂದುಕೊಂಡು ಬಟ್ಟೆಯ ರಾಶಿಯ ಮೇಲೆ ಕೂತು ಬೈಸಿಕೊಂಡೆ.

ನಿನ್ನ ಕಾಗದ ಬಂದು ಒಂಬತ್ತು ದಿನವಾಯಿತು. ನೀನು ಬಿಟ್ಟುಹೋದ ಕರೆಂಟಿನ ಕಾರು ಕೆಟ್ಟು ನಿಂತಿದೆ ಎಂದು ಅಮ್ಮ ಫೋನಿನಲ್ಲಿ ಬಾಯಿಬಿಟ್ಟದ್ದೇ ತಡ, ನೀನು ಎರಡು ವಿಷಯ ಬರೆದಿದ್ದೀಯ. ಒಂದು, ಸರ್ವಿಸ್ ಸೆಂಟರು ಮುನ್ನೂರ ಹತ್ತು ಕಿಲೋಮೀಟರ್ ಆಚೆ ಇರುವಾಗ ಆ ಕಾರನ್ನು ಕಟ್ಟಿಕೊಂಡು ಒದ್ದಾಡಬೇಡಿ, ಮಾರಿಬಿಡಿ ಎಂದು. ಇನ್ನೊಂದು, ಹಡಗಿನ ಕಂಪನಿಯವರು ಮತ್ತೆ ಮೂರು ವರ್ಷಕ್ಕೆ ಸಹಿ ಕೇಳುತ್ತಿದ್ದಾರೆ, ತಿಂಗಳ ಕೊನೆಗೆ ಬಂದರು ಮುಟ್ಟಿದಾಗ ಹಾಕಿಬಿಡುತ್ತೇನೆ, ವಾಪಸ್ ಬಂದು ಮಾಡುವುದಾದರೂ ಏನು ಎಂದು. ಈ ಕೊನೆಯ ಸಾಲನ್ನು ಅಮ್ಮ ನನ್ನಿಂದ ಎರಡು ಸಲ ಓದಿಸಿದಳು. ನೋಡು, ಸಹಿ ಹಾಕುವುದು ಬಿಡುವುದು ನಿನ್ನ ಇಷ್ಟ. ಅದರ ಬಗ್ಗೆ ನಾನು ಒಂದು ಮಾತೂ ಆಡುವುದಿಲ್ಲ. ಕಾರಿನ ವಿಷಯ ಮಾತ್ರ ಬರೆಯುತ್ತೇನೆ. ಫೋನಿನಲ್ಲೇ ಹೇಳೋಣವೆಂದರೆ ಹಡಗಿನ ಲೈನು ಎರಡು ನಿಮಿಷಕ್ಕೆ ಕಡಿದುಹೋಗುತ್ತದೆ. ನನಗೆ ಗಂಟಲು ಸರಿಮಾಡಿಕೊಳ್ಳುವುದಕ್ಕೇ ಅಷ್ಟು ಹೊತ್ತು ಬೇಕು.

ಅದು ನಿಂತದ್ದು ಒಂದು ಮಂಗಳವಾರ ಬೆಳಿಗ್ಗೆ, ಆರು ವಾರದ ಹಿಂದೆ. ಹಿಂದಿನ ದಿನ ಪೂರ್ತಿ ಚಾರ್ಜ್ ಮಾಡಿ ನಿಲ್ಲಿಸಿದ್ದೆ. (ಹೌದು, ಮಾಡುತ್ತಿದ್ದೆ. ನಿನ್ನ ಮೇಲೆ ಎಷ್ಟೇ ಸಿಟ್ಟಿದ್ದರೂ ಗಾಡಿಯನ್ನು ಉಪವಾಸ ಕೆಡವುವವನಲ್ಲ ನಾನು.) ಬೆಳಿಗ್ಗೆ ಬಟನ್ ಒತ್ತಿದರೆ ಬಾಗಿಲು ಕೂಡ ತೆರೆಯಲಿಲ್ಲ. ಕೀಲಿಯೊಳಗೆ ಮಡಿಚಿಟ್ಟಿರುವ ಪುಟ್ಟ ಕಬ್ಬಿಣದ ಕೀಲಿಯಿಂದ ಅಂತೂ ತೆರೆದೆ. ಒಳಗೆ ದೀಪವಿಲ್ಲ, ಪರದೆಯ ಮೇಲೆ ಅಕ್ಷರವಿಲ್ಲ, ಜಪ್ಪಯ್ಯ ಎಂದರೂ ಮಿಸುಕಲಿಲ್ಲ. ನನ್ನ ಕೆಲಸದ ರೀತಿ ನಿನಗೆ ಗೊತ್ತು. ಉದ್ದ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟು, ಕಣ್ಣು ಮುಚ್ಚಿದರೆ ಮೂವತ್ತೆಂಟು ವರ್ಷದಿಂದ ಯಾವ ಗಾಡಿಯೂ ನನ್ನಿಂದ ಏನನ್ನೂ ಬಚ್ಚಿಟ್ಟಿಲ್ಲ. ಅಭ್ಯಾಸಬಲದಿಂದ ಇದಕ್ಕೂ ಹಾಗೇ ಮಾಡಿದೆ. ಕೇಳಿಸಿದ್ದು ನನ್ನದೇ ಉಸಿರು. ಎದುರಿನ ಟೈರಂಗಡಿಯವನು ಟೀ ಲೋಟ ಹಿಡಿದು ರಸ್ತೆ ದಾಟಿ ಬಂದು, "ಏನ್ ಡಾಕ್ಟ್ರೇ, ನಾಡಿ ಸಿಕ್ತಾ?" ಎಂದ. ಸರ್ವಿಸ್ ಸೆಂಟರಿಗೆ ಫೋನ್ ಮಾಡಿದೆ. ಅಲ್ಲಿಯ ಹುಡುಗಿ ಬಹಳ ಮರ್ಯಾದೆಯಿಂದ, "ಸರ್, ಒಂದ್ಸಲ ಆಫ್ ಮಾಡಿ ಆನ್ ಮಾಡಿ ನೋಡಿ" ಎಂದಳು. "ಆನ್ ಆದ್ರೆ ತಾನೇ ತಾಯಿ, ಆಫ್ ಮಾಡೋದು" ಎಂದೆ. ಕೊನೆಗೆ, "ಲಾರಿ ಕಳಿಸ್ತೀವಿ ಸರ್, ಹನ್ನೆರಡು ದಿನ ಆಗುತ್ತೆ. ಅಲ್ಲಿವರೆಗೂ ಏನೂ ಮುಟ್ಬೇಡಿ" ಎಂದಳು.

ಈಗ ನಿಜ ಹೇಳುತ್ತೇನೆ. ನನಗೆ ಖುಷಿಯಾಯಿತು. ಎರಡು ದಿನ ಆ ಕಾರಿನ ಪಕ್ಕದಲ್ಲಿ ಹಾದುಹೋಗುವಾಗಲೆಲ್ಲ ಒಳಗೊಳಗೇ ನಗುತ್ತಿದ್ದೆ. ನೀನು ಹಡಗು ಹತ್ತುವ ಮುಂಚಿನ ವಾರ ಶೆಡ್ಡಿನಲ್ಲಿ ನಿಂತು, "ಎಡಗಡೆ ಅರ್ಧ ನನಗೆ ಬಿಡಪ್ಪ, ಇಂಥ ಗಾಡಿಗಳನ್ನ ಇಲ್ಲೇ ರಿಪೇರಿ ಮಾಡೋಣ" ಎಂದು ಕೇಳಿದ್ದೆಯಲ್ಲ. ಹನ್ನೆರಡು ವರ್ಷದಿಂದ ನಾನು ಇವತ್ತು ಬಿಚ್ಚುತ್ತೇನೆ ನಾಳೆ ಬಿಚ್ಚುತ್ತೇನೆ ಎನ್ನುತ್ತಿದ್ದ ಆ ಹಳೇ ಬಸ್ಸಿನ ಎಂಜಿನ್ನು ಕೂತಿದ್ದ ಜಾಗ. ನಾನು ಟೈರಂಗಡಿಯವನ ಎದುರಿಗೇ, ಇಬ್ಬರು ಗಿರಾಕಿಗಳ ಎದುರಿಗೇ, "ನಾನು ಹೋದ್ಮೇಲೆ ಏನ್ ಬೇಕಾದ್ರೂ ಮಾಡ್ಕೋ" ಎಂದೆ. ನೀನು ಕೈ ತೊಳೆದುಕೊಂಡು ಒಳಗೆ ಹೋಗಿ ಪೆಟ್ಟಿಗೆ ಕಟ್ಟಿದೆ. ಕಾರು ನಿಂತಾಗ ನನಗನ್ನಿಸಿದ್ದು ಇಷ್ಟೇ: ನೋಡು, ಗೆದ್ದವನು ಯಾರು.

ಮೂರನೆಯ ದಿನ ಅಮ್ಮ ನನ್ನ ನಗು ಇಳಿಸಿದಳು. ನೀನು ಹೋದಾಗಿನಿಂದ ಅವಳಿಗೊಂದು ರೂಢಿ. ಊಟ ಮುಗಿಸಿ ನಿನ್ನ ಕಾಗದಗಳ ಕಟ್ಟು ಹಿಡಿದು ಕಾರಿನಲ್ಲಿ ಕೂರುತ್ತಾಳೆ, ಬಾಗಿಲು ತೆರೆದು, ಕಾಲು ಹೊರಗೆ ಬಿಟ್ಟು, ರೇಡಿಯೋ ಸಣ್ಣಗೆ ಹಾಕಿಕೊಂಡು. ಮನೆಯೊಳಗೆ ಅವಳ ಮಿಷನ್ನಿನ ಸದ್ದು, ಶೆಡ್ಡಿನಲ್ಲಿ ನನ್ನ ಸುತ್ತಿಗೆಯ ಸದ್ದು, ಇರುವುದರಲ್ಲಿ ನೆಮ್ಮದಿಯ ಕೋಣೆ ಅದೊಂದೇ ಎನ್ನುತ್ತಾಳೆ. ಕಾರು ಕೆಟ್ಟ ಮೇಲೂ ಹೋಗಿ ಕೂತಿದ್ದಳು. "ಸತ್ತ ಗಾಡೀಲಿ ಏನ್ ಕೂತಿದ್ದೀಯ?" ಎಂದು ನಾನು ಹಲ್ಲು ಕಿರಿದೆ. ಅವಳು ತಲೆಯೆತ್ತಿ, "ಅವಳು ಹೋದ್ಮೇಲೆ ನೀವು ನಗ್ತಿರೋದು ಇದೇ ಮೊದಲು. ಅದೂ ಅವಳ ಗಾಡಿ ಕೆಟ್ಟಿದ್ದಕ್ಕೆ" ಎಂದಳು. ಬೈಯಲಿಲ್ಲ. ಕಾರಿನ ಡ್ರಾಯರಿನಿಂದ ನೀಲಿ ರಟ್ಟಿನ ನೋಟುಪುಸ್ತಕ ತೆಗೆದು ನನ್ನ ಕೈಗಿಟ್ಟು, "ನಿಮಗೇ ಅಂತ ಬರೆದಿಟ್ಟು ಹೋಗಿದ್ದಾಳೆ" ಎಂದು ಎದ್ದು ಒಳಗೆ ಹೋದಳು.

ಆ ಪುಸ್ತಕ ಅಲ್ಲಿರುವುದು ನನಗೆ ಮೊದಲ ವಾರದಿಂದಲೇ ಗೊತ್ತಿತ್ತು ಮಗಳೇ. ರಟ್ಟಿನ ಮೇಲೆ "ಅಪ್ಪನಿಗೆ" ಎಂದು ಓದಿ ಡ್ರಾಯರು ಮುಚ್ಚಿದ್ದೆ. ಸ್ಪ್ಯಾನರು ಹಿಡಿಯುವುದನ್ನು ಕಲಿಸಿದ ಮಗಳಿಂದ ನಾನು ಪಾಠ ಹೇಳಿಸಿಕೊಳ್ಳಬೇಕೇ ಎಂಬ ಜಂಬ. ಅವತ್ತು ಶೆಡ್ಡಿನ ಬಾಗಿಲು ಎಳೆದುಕೊಂಡು, ಕಳ್ಳನ ಹಾಗೆ ಮೊದಲ ಪುಟ ತೆರೆದೆ. "ಗಾಡಿ ಪೂರ್ತಿ ಸತ್ತ ಹಾಗೆ ಕಂಡರೆ ಹೆದರಬೇಡ ಅಪ್ಪ. ದೊಡ್ಡ ಬ್ಯಾಟರಿಯನ್ನು ಎಬ್ಬಿಸುವುದು ಒಂದು ಸಣ್ಣ ಬ್ಯಾಟರಿ. ಬಾನೆಟ್ಟಿನ ಕೆಳಗೆ ಎಡಗಡೆ ಇದೆ. ಅದು ನಿನ್ನ ಹಳೇ ಗೆಳೆಯ, ನೋಡಿದರೆ ಗುರುತು ಹಿಡಿಯುತ್ತೀಯ. ದೊಡ್ಡ ಕರೆಂಟು ಹರಿಯುವ ಕಿತ್ತಳೆ ಬಣ್ಣದ ತಂತಿಗಳನ್ನು ಮಾತ್ರ ಮುಟ್ಟಬೇಡ. ಉಳಿದದ್ದೆಲ್ಲ ನಿನ್ನದೇ." ಅದರ ಕೆಳಗೆ, ನೀನು ಚಿಕ್ಕವಳಿದ್ದಾಗ ನಾನು ಬಾಯಿಪಾಠ ಮಾಡಿಸಿದ್ದ ಸೂತ್ರ: ಮೊದಲು ಕಣ್ಣು, ಆಮೇಲೆ ಕಿವಿ, ಕೊನೆಗೆ ಕೈ. ಕಿವಿ ಎಂಬುದನ್ನು ಹೊಡೆದುಹಾಕಿ ಮೀಟರು ಎಂದು ಬರೆದಿದ್ದೀಯ. ನನಗೆ ನಗು ಬಂತು, ಕಣ್ಣೂ ಒದ್ದೆಯಾಯಿತು. ಯಾವುದು ಮೊದಲು ಎಂದು ಕೇಳಬೇಡ.

ಬಾನೆಟ್ ಎತ್ತಿ ನೋಡಿದರೆ ಕೂತಿತ್ತು ನೋಡು, ಹಾಲಿನ ವ್ಯಾನಿಗೆ, ಡೀಸೆಲ್ ಜೀಪಿಗೆ ನಾನು ಸಾವಿರ ಸಲ ಹಾಕಿ ತೆಗೆದ ಅದೇ ಹನ್ನೆರಡು ವೋಲ್ಟಿನ ಬ್ಯಾಟರಿ. ಅಷ್ಟು ದೊಡ್ಡ ಗಾಡಿ, ಹೊಟ್ಟೆ ತುಂಬ ಕರೆಂಟು, ಎಬ್ಬಿಸುವವರಿಲ್ಲದೆ ಮಲಗಿತ್ತು. ಮೀಟರು ಹಚ್ಚಿದರೆ ಎಂಟೂವರೆ ವೋಲ್ಟು. ಬಿಚ್ಚಲು ಬೇಕಾದದ್ದು ಹತ್ತರ ಸ್ಪ್ಯಾನರು. ಶೆಡ್ಡನ್ನೆಲ್ಲ ತಲೆಕೆಳಗು ಮಾಡಿದರೂ ಸಿಗಲಿಲ್ಲ. ಏಳು ವರ್ಷದವಳಿದ್ದಾಗ ನೀನು ಅದನ್ನು ದಿಂಬಿನ ಕೆಳಗೆ ಇಟ್ಟುಕೊಂಡು ಮಲಗುತ್ತಿದ್ದೆ, ನಾನು ದಿನಾ ಬೆಳಿಗ್ಗೆ ಹುಡುಕಾಡುತ್ತಿದ್ದೆ. ಹತ್ತನೇ ನಂಬರು ಎಂಬ ಹೆಸರು ನಿನಗೆ ಬಂದದ್ದೇ ಹಾಗೆ. ಟೈರಂಗಡಿಯವನ ಹತ್ತಿರ ಕೇಳುವುದಕ್ಕಿಂತ ವಾಸಿ ಎಂದು ಇಕ್ಕಳ ಹಾಕಿ ನಟ್ಟು ತಿರುಗಿಸಿದೆ. ಮೂವತ್ತೆಂಟು ವರ್ಷದ ಮರ್ಯಾದೆ ಹೋಯಿತು, ಯಾರಿಗೂ ಹೇಳಬೇಡ. ಮರುದಿನ ಬೆಳಿಗ್ಗೆ ಚಾರ್ಜಿಗೆ ಹಾಕಿ ಸಂಜೆ ನಾಲ್ಕಕ್ಕೆ ಜೋಡಿಸಿದೆ. ಬಟನ್ ಒತ್ತಿದ ತಕ್ಷಣ ಮಡಿಚಿಕೊಂಡಿದ್ದ ಎರಡೂ ಕನ್ನಡಿಗಳು ಹಸುವಿನ ಕಿವಿಗಳ ಹಾಗೆ ಹೊರಳಿದವು, ಪರದೆ ಬೆಳಗಿತು. ನಾನು ಹಾಕಿದ ಕೂಗಿಗೆ ಅಮ್ಮ ಕೈಯಲ್ಲಿ ಸೂಜಿ ಹಿಡಿದೇ ಓಡಿಬಂದಳು. ಟೈರಂಗಡಿಯವನನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಮಾರ್ಕೆಟ್ಟಿನ ರಸ್ತೆಯಲ್ಲಿ ಮೂರು ಸುತ್ತು ಹೊಡೆದೆ. ಇಳಿದ ಮೇಲೆ ಅವನೇ ನನಗೆ ಟೀ ತರಿಸಿದ.

ಬ್ಯಾಟರಿ ಖಾಲಿಯಾದದ್ದು ಯಾಕೆ ಎಂದು ನೀನು ಇಷ್ಟು ಹೊತ್ತಿಗೆ ಊಹಿಸಿರುತ್ತೀಯ. ದಿನಾ ಬಾಗಿಲು ತೆರೆದು, ದೀಪ ಉರಿಸಿ, ರೇಡಿಯೋ ಹಾಕಿ ನಿನ್ನ ಕಾಗದ ಓದಿದ್ದೇ ಅದನ್ನು ಹೀರಿಬಿಟ್ಟಿತ್ತು. ಅಮ್ಮನಿಗೆ ನಾನು ಇದನ್ನು ಹೇಳಿಲ್ಲ, ನೀನೂ ಹೇಳಬೇಡ. ಸಣ್ಣ ಬ್ಯಾಟರಿಗೆ ಒಂದು ಪುಟ್ಟ ಚಾರ್ಜರು ಸಿಕ್ಕಿಸಿ, ಹೊಸ ಗಾಡಿಗಳಿಗೆ ಇದೆಲ್ಲ ಇರಲೇಬೇಕು ಎಂದು ದೊಡ್ಡದಾಗಿ ಹೇಳಿದ್ದೇನೆ. ನಂಬಿದ್ದಾಳೆ. ನಂಬಿದ ಹಾಗೆ ಮಾಡಿದ್ದಾಳೆ ಎಂದರೂ ಸರಿಯೇ.

ಬರಬೇಡಿ ಎಂದು ಫೋನ್ ಮಾಡಿ ಹೇಳಿದ್ದರೂ ಹನ್ನೆರಡನೆಯ ದಿನ ಸರ್ವಿಸ್ ಸೆಂಟರಿನ ಲಾರಿ ಬಂದೇಬಿಟ್ಟಿತು. ಒಬ್ಬನೇ ಮೆಕ್ಯಾನಿಕ್ಕು, ಸಣಕಲು ಮನುಷ್ಯ. ಮುನ್ನೂರ ಹತ್ತು ಕಿಲೋಮೀಟರ್ ಕೂತು ಬಂದು ಸೊಂಟ ಹಿಡಿದುಕೊಂಡೇ ಇಳಿದ. ಓಡುತ್ತಿರುವ ಕಾರು ನೋಡಿ, "ಯಾರು ಸರಿ ಮಾಡಿದ್ದು?" ಎಂದ. ನಾನು ಎನ್ನಬೇಕೆಂದು ಬಾಯಿ ತೆರೆದೆ. ಬಂದದ್ದು, "ನನ್ನ ಮಗಳು." ಎಲ್ಲಿದ್ದಾರೆ ಎಂದು ಅವನು ಸುತ್ತ ನೋಡಿದ. "ಸಮುದ್ರದಲ್ಲಿ" ಎಂದೆ. ನಿನ್ನ ನೋಟುಪುಸ್ತಕ ಕೊಟ್ಟೆ. ನಿಂತೇ ಓದಿದ, ಪುಟ ಪುಟವನ್ನೂ ಫೋನಿನಲ್ಲಿ ಫೋಟೋ ಹೊಡೆದುಕೊಂಡ. ಅಮ್ಮ ಕೊಟ್ಟ ಊಟ ಮಾಡುತ್ತ ಹೇಳಿದ, ಈ ಸುತ್ತಮುತ್ತ ಇಂಥ ಗಾಡಿಗಳು ಇಪ್ಪತ್ತಮೂರು ಇವೆಯಂತೆ, ಕೆಟ್ಟರೆ ಎಲ್ಲರೂ ಅವನೊಬ್ಬನ ಲಾರಿಯ ದಾರಿ ಕಾಯಬೇಕಂತೆ. "ಕಿತ್ತಳೆ ತಂತಿ ಮುಟ್ಟೋಕೆ ಸರ್ಟಿಫಿಕೇಟ್ ಇರೋರು ಒಬ್ರು ಇಲ್ಲಿದ್ರೆ ನನ್ನ ಸೊಂಟ ಉಳಿಯುತ್ತೆ ಯಜಮಾನ್ರೇ" ಎಂದ. ಆ ಸರ್ಟಿಫಿಕೇಟು ಯಾರ ಹತ್ತಿರ ಇದೆ ಎಂದು ನನಗೂ ಗೊತ್ತು, ಅಮ್ಮನಿಗೂ ಗೊತ್ತು. ಅಮ್ಮ ನನ್ನ ಮುಖ ನೋಡಿದಳು, ನಾನು ತಟ್ಟೆ ನೋಡಿದೆ.

ಸುದ್ದಿಗೆ ಕಾಲು ಬಂದಿದೆ. ಈ ಒಂದು ತಿಂಗಳಲ್ಲಿ ಐದು ಗಾಡಿಗಳು ಬಂದವು. ಅಂಚೆಯವಳ ಹೊಸ ವ್ಯಾನು, ಹಲ್ಲಿನ ಡಾಕ್ಟರ ಕಾರು, ಹೀಗೆ. ಮೂರರಲ್ಲಿ ನನ್ನ ಹಳೇ ಗೆಳೆಯನದೇ ತೊಂದರೆ, ಸರಿ ಮಾಡಿ ಕಳಿಸಿದೆ. ಉಳಿದ ಎರಡರ ತೊಂದರೆ ಕಿತ್ತಳೆ ತಂತಿಯ ಆಚೆ ಕಡೆ ಇತ್ತು. ಬಾನೆಟ್ ಮುಚ್ಚಿ, "ಇದು ನನಗೆ ಗೊತ್ತಿಲ್ಲ" ಎಂದೆ. ಈ ಶೆಡ್ಡಿನಲ್ಲಿ ನಿಂತು ನಾನು ಆ ಮಾತು ಹೇಳಿದ್ದು ಅದೇ ಮೊದಲು. ಭೂಮಿಯೇನೂ ಬಾಯಿಬಿಡಲಿಲ್ಲ. ಹಲ್ಲಿನ ಡಾಕ್ಟರು, "ಪರವಾಗಿಲ್ಲ ಬಿಡಿ, ಲಾರಿ ಬರ್ಲಿ" ಎಂದು ನಡೆದುಕೊಂಡೇ ಕ್ಲಿನಿಕ್ಕಿಗೆ ಹೋದರು. ಅವರು ದಿನಾ ಹಾಗೆ ನಡೆದು ಹೋಗುವುದನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ. ಇಲ್ಲೇ ಆಗುವ ಕೆಲಸ ಅದು.

ಆದ್ದರಿಂದ ಕಾರು ಮಾರುವ ಮಾತು ಬಿಡು. ಅದು ಅಮ್ಮನ ಓದುವ ಕೋಣೆ. ಚೆನ್ನಾಗಿ ತಿನ್ನು, ನಿದ್ದೆಗೆಡಬೇಡ, ಹಡಗಿನ ಅಡುಗೆಯವರಿಗೆ ನನ್ನ ನಮಸ್ಕಾರ ತಿಳಿಸು. ಅಮ್ಮ ತಲೆ ಸವರಿ ಹರಸುತ್ತಿದ್ದಾಳೆ, ಕೈಗೆ ನಿನ್ನ ತಲೆ ಸಿಗದೆ ಈ ಕಾಗದವನ್ನೇ ಸವರಿ ಒಂದು ಅಕ್ಷರ ಅಳಿಸಿಹಾಕಿದಳು. ಹೋದಲ್ಲೆಲ್ಲ ನಿನಗೆ ಒಳ್ಳೆಯದಾಗಲಿ.

ನಿನ್ನ ಮೊಂಡ,
ಅಪ್ಪ

ಮರೆತಿದ್ದೆ: ಅಂಚೆಯವಳು ವ್ಯಾನು ನಿಲ್ಲಿಸಿಕೊಂಡು ಬೇಗ ಬೇಗ ಎನ್ನುತ್ತಿದ್ದಾಳೆ, ಅಕ್ಷರ ಸೊಟ್ಟಗಾದರೆ ಹೊಟ್ಟೆಗೆ ಹಾಕಿಕೋ. ಬಸ್ಸಿನ ಎಂಜಿನ್ನು ಹೋದ ವಾರ ಗುಜರಿಗೆ ಹೋಯಿತು. ಟೈರಂಗಡಿಯವನೂ ಕೈಹಾಕಿದ. ಎಡ ಅರ್ಧವನ್ನು ಗುಡಿಸಿ, ತೊಳೆದು, ನಡುವೆ ಹಳದಿ ಗೆರೆ ಎಳೆದಿದ್ದೇನೆ. ಬಣ್ಣ ಒಣಗಿದ ಮೇಲೆ ಒಂದು ಸಲವೂ ಅದನ್ನು ದಾಟಿಲ್ಲ. ನಾನು ಹೋದ ಮೇಲೆ ಮಾಡಿಕೋ ಎಂದಿದ್ದೆನಲ್ಲ, ಅದು ತಪ್ಪು. ನಾನಿರುವಾಗಲೇ ಮಾಡು, ನನಗೆ ನೋಡಬೇಕು. ಸಹಿಯ ಬಗ್ಗೆ ಒಂದು ಮಾತೂ ಆಡುವುದಿಲ್ಲ ಎಂದದ್ದು ಸುಳ್ಳು. ಹಾಕಬೇಡ ಮಗಳೇ, ಬಂದುಬಿಡು. ಹತ್ತರ ಸ್ಪ್ಯಾನರನ್ನು ನೀನು ಪೆಟ್ಟಿಗೆಯಲ್ಲಿಟ್ಟುಕೊಂಡು ಹೋದದ್ದನ್ನು ಅಮ್ಮ ನೋಡಿದ್ದಳಂತೆ, ನಿನ್ನೆ ಹೇಳಿದಳು. ನಿನ್ನ ಕಡೆಯ ಗೋಡೆಯಲ್ಲಿ ಅದಕ್ಕೊಂದು ಮೊಳೆ ಹೊಡೆದಿದ್ದೇನೆ.