ಸೊಂಟದಲ್ಲಿ ನಾಲ್ಕು ಬೆರಳು

ಜನವರಿ 12

ಬ್ಯಾಂಕಿನವನ ಕೋಟಿನ ತೋಳು ಮುಗೀತು. ಎರಡು ಜಿಪ್ಪು ಬಾಕಿ. ಮಂಡಿ ನೋವು, ಮಾಮೂಲು. ಅಳತೆ ಪುಸ್ತಕದ ಹಿಂದಿನ ಹಾಳೆಗಳು ಖಾಲಿ ಬಿದ್ದಿವೆ, ಅದರಲ್ಲೇ ಗೀಚ್ತಿದ್ದೀನಿ. ನಾಲ್ಕನೇ ಕ್ಲಾಸಿನ ಅಕ್ಷರ, ಕಾಗೆ ಕಾಲು ಗುಬ್ಬಿ ಕಾಲು.

ಮೊಮ್ಮಗಳು ಯೂನಿಫಾರ್ಮ್ ಪ್ಯಾಂಟು ತಂದು ಮಷೀನಿನ ಮೇಲೆ ಎಸೆದಳು. "ಅಜ್ಜಿ, ಇನ್ನೊಂದು ಇಂಚು ಟೈಟ್ ಮಾಡು. ಕೌಂಟರಲ್ಲಿ ನಿಂತ್ರೆ ಜಾರ್ತಾ ಇದೆ." ಸೆಂಟಿನ ಅಂಗಡಿ ಕೆಲಸ, ದಿನವಿಡೀ ನಿಂತೇ ಇರಬೇಕು. ಟೇಪು ಹಾಕಿದೆ. ಮೂವತ್ನಾಲ್ಕು. ಹೋದ ಜೂನಲ್ಲಿ ಮೂವತ್ತೆಂಟೂವರೆ ಇತ್ತು.

"ಪರವಾಗಿಲ್ವೇ ಡುಮ್ಮಿ, ಇನ್ಮೇಲೆ ಬಾಗಿಲಲ್ಲಿ ನೇರ ನಡೀಬಹುದು" ಅಂದೆ.

ಹೊಟ್ಟೆ ಹಿಡ್ಕೊಂಡು ನಕ್ಕಳು. ಈ ಹೆಸರಿಗೆ ಅವಳು ನಕ್ಕಿದ್ದು ಇದೇ ಮೊದಲು. ಇಟ್ಟವಳು ನಾನೇ, ಮೂರು ವರ್ಷದ ಕೂಸಿದ್ದಾಗ.

ಫೆಬ್ರವರಿ 3

ಮೊಮ್ಮಗಳಿಗೆ ಬೆಳಿಗ್ಗೆ ಐದೂವರೆಗೆ ಓಟ. ಬಂದು ತಾರಸಿ ಮೇಲೆ ಹಗ್ಗದಾಟ. ಸಂಜೆ ಕೆಲಸದಿಂದ ಬಂದವಳು ಐದು ಮಹಡಿ ಹತ್ತೋದು, ಇಳಿಯೋದು, ಮತ್ತೆ ಹತ್ತೋದು. ಲಿಫ್ಟಿನವನು ಕೇಳಿದ, "ಅಜ್ಜಿ, ನಿಮ್ಮ ಹುಡುಗಿ ಏನಾದ್ರೂ ಕಳ್ಕೊಂಡಿದ್ದಾಳಾ?" ಮೈ ಕಳ್ಕೊಳ್ತಾ ಇದ್ದಾಳಪ್ಪ, ನೀನೂ ಹತ್ತಿ ಇಳಿ, ಅಂಗಿ ಗುಂಡಿ ಹಾಕೋಕೆ ಬರುತ್ತೆ ಅಂದೆ.

ಅಂಗಡೀಲಿ ಎಲ್ಲರೂ ಹೊಗಳ್ತಾರಂತೆ. ಮ್ಯಾನೇಜರಮ್ಮ ಮುಂದಿನ ಕೌಂಟರಿಗೆ ಹಾಕಿದ್ದಾಳೆ, ಬಾಗಿಲ ಹತ್ತಿರ, ಎಲ್ಲರ ಕಣ್ಣಿಗೆ ಬೀಳೋ ಹಾಗೆ. ಬಚ್ಚಲಲ್ಲಿ ಹಾಡ್ತಾಳೆ. ಸೊಂಟ ಮೂವತ್ತೊಂದು.

ಮಗಳು ಬಿಸ್ಕತ್ತು ಫ್ಯಾಕ್ಟರಿಯಿಂದ ಬಂದು ಚಪ್ಪಲಿ ಬಿಡ್ತಾ ಅಂದಳು, "ಅಮ್ಮ, ಇವಳು ಊಟ ತೀರಾ ಕಮ್ಮಿ ಮಾಡಿದ್ದಾಳೆ." ನಾನು, "ಇಷ್ಟು ವರ್ಷ ತಿಂದಿದ್ದು ಕರಗ್ಲಿ ಬಿಡು" ಅಂದೆ. ಬಚ್ಚಲಲ್ಲಿದ್ದ ಮೊಮ್ಮಗಳು ಕೇಳಿಸ್ಕೊಂಡಳು. ಹಾಡು ಇನ್ನೂ ಜೋರಾಯ್ತು.

ಮಾರ್ಚ್ 20

ಇಪ್ಪತ್ತೇಳು. ಟೇಪು ಎರಡು ಸಲ ಸುತ್ತಿ ನೋಡಿದೆ. ಹೆಗಲ ಮೂಳೆ ಬಟ್ಟೆ ಹ್ಯಾಂಗರಿನ ಹಾಗೆ ಎದ್ದಿದೆ. ಬಚ್ಚಲ ಜಾಲರಿ ತುಂಬ ಕೂದಲು. ಹಾಡಿಲ್ಲ. ಈ ಬಿಸಿಲಲ್ಲೂ ಸ್ವೆಟರ್ ಹಾಕ್ಕೊಂಡು ಕೂತಿದ್ದಾಳೆ.

"ಈಗ ಖುಷಿಯಾಗಿದ್ದೀಯೇನೇ?"

"ಇನ್ನೆರಡು ಇಂಚು ಅಜ್ಜಿ."

"ಎರಡಿಂಚು ಹೋದ್ಮೇಲೆ?"

"ಆಮೇಲೆ ಖುಷಿಯಾಗಿರ್ತೀನಿ."

ಹೊಗಳಿದವರೆಲ್ಲ ಬಾಯಿ ಮುಚ್ಕೊಂಡಿದ್ದಾರೆ. ಮ್ಯಾನೇಜರಮ್ಮ ಮತ್ತೆ ಹಿಂದಿನ ಕೌಂಟರಿಗೆ ಕಳಿಸಿದಳಂತೆ. ಯಾಕೆ ಅಂದರೆ, ಇನ್ನೂ ದಪ್ಪ ಇದ್ದೀನಲ್ಲ ಅದಕ್ಕೆ, ಅಂತಾಳೆ. ಕನ್ನಡಿ ಮುಂದೆ ನಿಂತು ಅಂತಾಳೆ... ಕನ್ನಡೀಲಿ ಅವಳಿಗೆ ಯಾರು ಕಾಣ್ತಾರೋ.

ಮಾರ್ಚ್ 28

ನಿನ್ನೆ ಮನೇಲಿ ರಾದ್ಧಾಂತ. ಅವಳ ಯೂನಿಫಾರ್ಮ್ ಕೋಟಿನ ಜೇಬು ಹೊಲಿಯೋಕೆ ತಗೊಂಡರೆ ಒಳಗೆ ಬ್ರೆಡ್ಡು, ಮೊಟ್ಟೆ, ನಾಲ್ಕು ದಿನದ್ದು, ಬೂಷ್ಟು ಹಿಡಿದದ್ದು. ನಮ್ಮೆದುರು ಬಾಯಿ ಆಡಿಸಿ ಜೇಬಿಗಿಟ್ಟದ್ದು. ಕ್ಲಿನಿಕ್ಕಿನ ಡಾಕ್ಟರು ದೊಡ್ಡ ಆಸ್ಪತ್ರೆಗೆ ಚೀಟಿ ಬರ್ಕೊಟ್ಟಿದ್ದಾರೆ. ಬರಲ್ಲ ಅಂದಳು. ಇಪ್ಪತ್ತೆರಡು ವರ್ಷದವಳನ್ನ ಕಂಕುಳಲ್ಲಿ ಎತ್ಕೊಂಡು ಹೋಗೋಕಾಗುತ್ತಾ.

ಮಗಳು ತೂಕದ ಮಷೀನು ಎತ್ಕೊಂಡು ಹೋಗಿ ಫ್ಯಾಕ್ಟರಿಯಲ್ಲಿ ಇಟ್ಟು ಬಂದಳು.

ರಾತ್ರಿಯೆಲ್ಲ ಮುನಿಸು. ಬೆಳಿಗ್ಗೆ ಅವಳೇ ಬಂದು ನನ್ನ ಸ್ಟೂಲಿನ ಹತ್ತಿರ ಕೂತಳು. "ಅಜ್ಜಿ, ಆಣೆ ಮಾಡಿ ಹೇಳ್ತೀನಿ. ಟೈಟ್ ಮಾಡದೇನೇ ಈ ಪ್ಯಾಂಟಿನ ಸೊಂಟದಲ್ಲಿ ನಾಲ್ಕು ಬೆರಳು ಸಲೀಸಾಗಿ ಹೋಗ್ಬೇಕು. ಅಷ್ಟೇ. ಅವತ್ತೇ ನಿಲ್ಲಿಸ್ತೀನಿ. ನೀನು ಕೊಟ್ಟಿದ್ದು ತಿಂತೀನಿ."

ಬೆರಳು ಹಾಕಿ ತೋರಿಸಿದಳು. ಈಗ ಎರಡು ಹೋಗುತ್ತೆ.

ಏಪ್ರಿಲ್ 2, ಬೆಳಿಗ್ಗೆ 6

ಅವಳು ಓಟಕ್ಕೆ ಹೋಗಿದ್ದಾಳೆ. ಮಗಳು ಶಿಫ್ಟಿಗೆ. ಒಂದು ಗಂಟೆ ಟೈಮಿದೆ.

ಪ್ಯಾಂಟಿನ ಸೊಂಟದ ಹಿಂದಿನ ಹೊಲಿಗೆ ಬಿಚ್ಚಿದೆ. ಒಳಗೆ ಮಡಚಿದ ಬಟ್ಟೆ ಬೇಕಾದಷ್ಟಿದೆ, ನಾನು ಯಾವತ್ತೂ ಕತ್ತರಿಸಲ್ಲ. ಒಂದೂಕಾಲು ಇಂಚು ಸಡಿಲ ಬಿಟ್ಟು ಹೊಸ ಹೊಲಿಗೆ ಹಾಕಿದೆ. ಹಳೇ ಸೂಜಿ ತೂತಿನ ಮೇಲೆ ನೀರು ಚಿಮುಕಿಸಿ ಇಸ್ತ್ರಿ ಎಳೆದೆ. ಎರಡು ಪ್ಯಾಂಟೂ ಆಯ್ತು. ನಲವತ್ತೈದು ವರ್ಷ ಹೊಲಿದ ಕೈ. ಯಾರಿಗೂ ಗೊತ್ತಾಗಲ್ಲ.

ಏಪ್ರಿಲ್ 3

ನಾಲ್ಕು ಬೆರಳು ಹೋಯ್ತು.

"ಅಜ್ಜಿ ನೋಡು, ನೋಡು ಇಲ್ಲಿ" ಅಂತ ಅಡುಗೆಮನೆಗೆ ಓಡಿ ಬಂದಳು. ನಾನು ಕನ್ನಡಕ ಹಾಕ್ಕೊಂಡು ಭಾರೀ ನೋಡಿದೆ. ಹೌದಲ್ವೇ ಅಂದೆ. ತಬ್ಕೊಂಡಳು. ಎದೆಗೆ ಬರೀ ಮೂಳೆ ತಾಕಿತು.

ಒಂದು ಮೊಟ್ಟೆ, ಒಂದು ಬ್ರೆಡ್ಡು ತಿಂದಳು. ಜೇಬು ನೋಡಿದೆ. ಖಾಲಿ.

ಏಪ್ರಿಲ್ 6

ಮೂರು ದಿನದಿಂದ ತಿಂತಾ ಇದ್ದಾಳೆ. ನಿನ್ನೆ ಅರ್ಧ ಲೋಟ ಹಾಲು ಕೂಡ. ಇವತ್ತು ಓಟಕ್ಕೆ ಹೋಗಲಿಲ್ಲ. ಮಗಳು ಬಚ್ಚಲ ಬಾಗಿಲು ಹಾಕ್ಕೊಂಡು ಅತ್ತಳು, ಸಂತೋಷಕ್ಕೆ. ಏನು ಮಾಡಿದೆ ಅಮ್ಮ ನೀನು ಅಂತ ಕೇಳಿದಳು. ಏನಿಲ್ಲ, ಬೈದೆ ಅಂದೆ. ಡಾಕ್ಟರಿಗಿಂತ ನಾನೇ ಮೇಲು ಅಂತ ಒಳಗೊಳಗೇ ಬೀಗಿದ್ದೂ ನಿಜ.

ಏಪ್ರಿಲ್ 9

ಗೊತ್ತಾಗಿಬಿಟ್ಟಿತು.

ಪ್ಯಾಂಟು ಒಣಹಾಕೋಕೆ ಒಳಮೈ ಹೊರಗೆ ಮಾಡಿದ್ದಾಳೆ. ಹೊಲಿಗೆ ಒಳಗಿದ್ದ ಬಟ್ಟೆ ಮಾಸಿಲ್ಲ, ಕಡುನೀಲಿ ಪಟ್ಟೆ ಎದ್ದು ಕಾಣುತ್ತೆ. ಈ ಮಷೀನಿನ ಕೆಳಗೆ ಗುಂಡಿ ಆರಿಸಿ ಬೆಳೆದವಳು. ಬೇರೆಯವರ ಮಗಳಾಗಿದ್ದರೆ ಗೊತ್ತಾಗ್ತಿರಲಿಲ್ಲ.

ಒದ್ದೆ ಪ್ಯಾಂಟು ಹಿಡ್ಕೊಂಡೇ ಬಂದು ನಿಂತಳು. ದನಿ ಏರಿಸಲಿಲ್ಲ. "ಎಷ್ಟು ದಿನದಿಂದ ಲೂಸ್ ಮಾಡ್ತಾ ಇದ್ದೀಯ?"

"ಒಂದೇ ಸಲ ಕಣೇ. ನೀನು ತಿನ್ಲಿ ಅಂತ."

"ನಾನು ದಪ್ಪ ಆಗ್ತಾ ಬಂದೆ. ನನಗೆ ಗೊತ್ತಾಗ್ದೇ ಇರ್ಲಿ ಅಂತ ನೀನು ಹೊಲಿಗೆ ಬಿಚ್ತಾ ಬಂದೆ."

ಇಲ್ಲ ಅಂದೆ. ಇಪ್ಪತ್ತೈದೂವರೆ ಇದ್ದೀಯ, ಬಾ ಅಳೀತೀನಿ ಅಂತ ಟೇಪು ತೆಗೆದೆ. ಹಿಂದೆ ಸರಿದಳು.

"ಪ್ಯಾಂಟಲ್ಲೇ ಸುಳ್ಳು ಹೇಳಿದವಳು ಟೇಪಲ್ಲಿ ನಿಜ ಹೇಳ್ತೀಯಾ?"

ನೀನು ಕಡ್ಡಿ ಆಗಿದ್ದೀಯ, ಕಡ್ಡಿ, ಅಂದೆ. ಹತ್ತೊಂಬತ್ತು ವರ್ಷ ಡುಮ್ಮಿ ಅಂದ ಬಾಯಿ. ಯಾಕೆ ನಂಬ್ತಾಳೆ. ತಿಂದಿದ್ದ ಆರು ದಿನದ ಊಟವನ್ನ ಬೆರಳು ಮಡಚಿ ಲೆಕ್ಕ ಹಾಕಿದಳು, ನನ್ನೆದುರೇ. ಆಮೇಲೆ ಓಟದ ಶೂ ಹಾಕ್ಕೊಂಡಳು.

ಏಪ್ರಿಲ್ 18, ಆಸ್ಪತ್ರೆ

ನಿನ್ನೆ ಮೂರನೇ ಮಹಡಿ ಮೆಟ್ಟಿಲಲ್ಲಿ ಬಿದ್ದಳು. ಲಿಫ್ಟಿನವನು ಎತ್ಕೊಂಡು ಬಂದ. ಒಂದು ಕೈಯಲ್ಲಿ ಎತ್ಕೊಂಡು ಬಂದ, ಕೊಡೆ ಹಿಡಿದ ಹಾಗೆ.

ಒಂಬತ್ತು ದಿನ ಬರೀ ನೀರು, ಕಪ್ಪು ಕಾಫಿ. ಎದೆ ಬಡಿತ ತೀರಾ ನಿಧಾನ ಅಂದರು ಡಾಕ್ಟರು. ಈ ವಾರ ತಾನಾಗೇ ತಿಂದರೆ ಸರಿ. ಇಲ್ಲದಿದ್ದರೆ ಮೂಗಿಗೆ ಪೈಪು. ಪೈಪು ಕಿತ್ತರೆ... ಆಮೇಲೆ ಅವರು ಫೈಲು ನೋಡಿದರು.

ಮಗಳಿಗೆ ಎಲ್ಲ ಹೇಳಿದೆ. ಹೊಲಿಗೆ ಬಿಚ್ಚಿದ್ದು, ಇಸ್ತ್ರಿ, ಎಲ್ಲ.

"ನಿನ್ನ ಬಾಯಿ ಒಂದು ಸಾಲ್ದು ಅಂತ ಕೈನೂ ಹಾಕಿದೆಯಾ ಅಮ್ಮ."



ಏಪ್ರಿಲ್ 19

ಏನೂ ತಿಂದಿಲ್ಲ. ನನ್ನ ಕಡೆ ಬೆನ್ನು ಹಾಕಿ ಮಲಗಿದ್ದಾಳೆ. ಗೌನಿನ ಹಿಂದೆ ಬೆನ್ನುಮೂಳೆಯ ಗಂಟು ಒಂದೊಂದೂ ಕಾಣುತ್ತೆ.

ಏಪ್ರಿಲ್ 21, ಮಧ್ಯಾಹ್ನ 12:40

ನರ್ಸಮ್ಮ ಸೂಪು ಇಟ್ಟು ಹೋದಳು. "ಅಜ್ಜಿ, ಒತ್ತಾಯ ಮಾಡ್ಬೇಡಿ, ಸುಮ್ನೆ ಜೊತೇಲಿರಿ" ಅಂದಳು. ಸುಮ್ಮನಿರೋದು. ನನಗೆ ಹೇಳ್ತಾಳೆ.

ಎರಡು ದಿನದ ಮೇಲೆ ಮೊಮ್ಮಗಳು ಬಾಯಿ ಬಿಟ್ಟಳು. "ಅಜ್ಜಿ, ನೋಡ್ಬೇಡ. ನೀನು ನೋಡಿದ್ರೆ ನನಗೆ ಆಗಲ್ಲ."

"ನೋಡಲ್ಲ."

"ತಿರುಗ್ಬಾರ್ದು."

"ತಿರುಗಲ್ಲ ಕಣಮ್ಮ."

ಕುರ್ಚಿ ಗೋಡೆ ಕಡೆ ತಿರುಗಿಸಿ ಕೂತಿದ್ದೀನಿ. ಪುಸ್ತಕ ತೊಡೆ ಮೇಲೆ. ಚಮಚ ಬಟ್ಟಲಿಗೆ ತಾಕಿತು. ತಡವಾಗಿ ಇನ್ನೊಂದು ಸಲ. ಬಾಯಿಗೆ ನೂರು ಮಾತು ಬರ್ತಿವೆ, ನುಂಗ್ತಾ ಇದ್ದೀನಿ. ಅವಳು ಸೂಪು, ನಾನು ಮಾತು.

ಮೂರು.

ನಾಲ್ಕು. ಕೆಮ್ಮಿದಳು. ಕೈ ಎದ್ದಿತ್ತು ನನ್ನದು, ಮತ್ತೆ ಕೆಳಗಿಟ್ಟೆ.

ಐದು.

ಈಗ ಸದ್ದಿಲ್ಲ. ಬಟ್ಟಲು ಕೆಳಗಿಟ್ಟ ಸದ್ದೂ ಇಲ್ಲ. ಉಸಿರು ಕೇಳುತ್ತಾ ಅಂತ ಕಿವಿ ಕೊಟ್ಟಿದ್ದೀನಿ, ಹೊರಗೆ ಯಾರೋ ಟ್ರಾಲಿ ತಳ್ತಾ ಇದ್ದಾರೆ. ತಿರುಗಲ್ಲ ಅಂದಿದ್ದೀನಿ. ನಾನು ಅಂದಿದ್ದು ಒಂದಾದ್ರೂ ನಿಜ ಅಂತ ಅವಳಿಗೆ ಗೊತ್ತಾಗ್ಬೇಕು. ಬರೀತಾ ಇದ್ರೆ ತಿರುಗಲ್ಲ. ಬರೀತಾನೇ ಇರ್ತೀನಿ, ಅವಳು ಚಮಚ ಮತ್ತೆ ಎತ್ತೋ ತನಕ.